ಅಡುಗೆಮನೆಯಲ್ಲಿ ಕರ್ಮ

ಕಳೆದ ವಾರ ಔಷಧಾಲಯವೊಂದರ ಜಗಲಿಯಲ್ಲಿ ಸರದಿಗಾಗಿ ಕಾದು ಕುಳಿತಿದ್ದಾಗ, ಜ್ವರದಿಂದ ಬಳಲಿ ತಾಯಿಯ ಹೆಗಲಿಗೆ ಒರಗಿದ್ದ ಕೂಸೊಂದನ್ನು ನೋಡಿ, ಪಕ್ಕದಲ್ಲಿದ್ದ ಹಿರಿಯರೊಬ್ಬರು "ಎಲ್ಲಾ ಪೂರ್ವಜನ್ಮದ ಕರ್ಮ ಕಣಮ್ಮಾ, ಅನುಭವಿಸಿಯೇ ತೀರಬೇಕು" ಎಂದರು. ಸಮಾಧಾನ ಹೇಳಬೇಕೆಂದೇ ಅವರು ಆಡಿದ ಮಾತು ಅದು. ಆದರೆ ಸೆರಗಿನಿಂದ ಕೂಸಿನ ಹಣೆಯೊರಸುತ್ತಿದ್ದ ಆ ತಾಯಿಯ ಕೈ ಥಟ್ಟನೆ ನಿಂತುದನ್ನು ಕಂಡು ನನಗಾದ ವ್ಯಥೆ ಇನ್ನೂ ಹೋಗಿಲ್ಲ.

ಕರ್ಮವೆಂಬುದು ಯಾವ ಧಾತುವಿನಿಂದ ಬಂದುದೆಂಬುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯವಾದುದರಿಂದ ಅದನ್ನು ಬಿಡುತ್ತೇನೆ. ಮಾಡುವುದನ್ನು ಹೇಳಬೇಕಾದ ಪದವು ನಮ್ಮ ಬಾಯಲ್ಲಿ ಏನೂ ಮಾಡಲಾಗದುದನ್ನು ಹೇಳುವುದಕ್ಕೆ ತಿರುಗಿರುವುದೇ ನನ್ನ ದುಃಖ. ಬಸ್ಸು ತಪ್ಪಿದರೆ 'ನನ್ನ ಕರ್ಮ', ಮಗ ಓದದಿದ್ದರೆ 'ನಮ್ಮ ಕರ್ಮ', ಹಣೆ ಚಚ್ಚಿಕೊಳ್ಳುವಾಗ 'ಕರ್ಮ ಕರ್ಮ'. ಪತ್ರಿಕೆಗಳಂತೂ ಲಂಚದ ಹಗರಣಕ್ಕೆ 'ಕರ್ಮಕಾಂಡ' ಎಂದು ತಲೆಬರಹ ಕೊಟ್ಟು, ವೇದಭಾಗವೊಂದರ ಹೆಸರನ್ನೇ ಕೆಸರಿಗೆಳೆದಿವೆ.

ಆದರೆ ಬುದ್ಧನಿಗೆ ಕರ್ಮವೆಂದರೆ ಚೇತನೆ, ಎಂದರೆ ಮನಸ್ಸು ಮಾಡುವ ಸಂಕಲ್ಪ. ರಾಜಗೃಹದ ವೇಣುವನದಲ್ಲಿ ಸೀವಕನೆಂಬ ಪರಿವ್ರಾಜಕನು ಬಂದು, ಮನುಷ್ಯನ ಸುಖದುಃಖಗಳೆಲ್ಲವೂ ಹಿಂದೆ ಮಾಡಿದುದರ ಫಲವೇ ಎನ್ನುವವರಿದ್ದಾರೆ, ತಾವೇನೆನ್ನುವಿರಿ ಎಂದು ಕೇಳಿದಾಗ, ಬುದ್ಧನು ಪಿತ್ತ, ಶ್ಲೇಷ್ಮ, ವಾತ, ಈ ಮೂರರ ಸನ್ನಿಪಾತ, ಋತುವಿನ ಮಾರ್ಪಾಟು, ವಿಷಮವಾದ ನಡೆ, ಹೊರಗಿನ ಪೆಟ್ಟು ಎಂದು ಏಳು ಕಾರಣಗಳನ್ನೆಣಿಸಿ, ಕರ್ಮವಿಪಾಕವನ್ನು ಎಂಟನೆಯದಾಗಿ ಇಟ್ಟನು. ಎಲ್ಲವನ್ನೂ ಪೂರ್ವಕರ್ಮಕ್ಕೆ ಕಟ್ಟುವವರು ತಾವು ಬಲ್ಲುದನ್ನೂ ಲೋಕ ಬಲ್ಲುದನ್ನೂ ಮೀರಿ ಮಾತನಾಡುತ್ತಾರೆಂಬುದು ಅವನ ಆಕ್ಷೇಪ. ಜಗಲಿಯ ಆ ಕೂಸಿನ ಜ್ವರಕ್ಕೆ ಮೂರು ದಿನದಿಂದ ಹಿಡಿದಿದ್ದ ಮಳೆಯೇ ಸಾಕಾಗಿತ್ತು.

ವಿಪಾಕವೆಂಬ ಪದದೊಳಗೆ ಇರುವುದು ಪಾಕಶಾಲೆಯ ಪಾಕವೇ. ಮಾಡಿದುದು ಬೆಂದು ಹದಕ್ಕೆ ಬರುವುದು. ನಮ್ಮ 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆಯೂ ಅಡುಗೆಮನೆಯಲ್ಲಿಯೇ ಹುಟ್ಟಿತೆಂಬುದು ನಾನು ಬಹುಕಾಲದಿಂದ ಹಿಡಿದುಬಂದಿರುವ ಸಿದ್ಧಾಂತ. "ಏನು ಮಾಡಿದ್ದೀರಿ ಈ ಹೊತ್ತು?" ಎಂದರೆ ನಮ್ಮ ಮನೆಗಳಲ್ಲಿ ಹುಳಿ, ಪಲ್ಯ ಎಂಬ ಉತ್ತರವೇ ಬರುವುದು. ಮಾಡುವುದು, ಉಣ್ಣುವುದು ಎಂಬೆರಡು ಕ್ರಿಯಾಪದಗಳು ಒಲೆಯ ಮುಂದಲ್ಲದೆ ಮತ್ತೆಲ್ಲಿ ಇಷ್ಟು ಸಹಜವಾಗಿ ಕೂಡಿಯಾವು? ಕರ್ಮವೆಂಬ ಪದವೇ ಇಲ್ಲದ ಈ ಗಾದೆಯಲ್ಲಿ ಅದರ ಅರ್ಥ ಕೆಡದೆ ಉಳಿದಿದೆ. ಅಲ್ಲಿ ಮಾಡುವವನು ಕಣ್ಣೆದುರಿಗೇ ಇದ್ದಾನೆ, ನಾಳೆ ಬೇರೆ ಮಾಡಬಲ್ಲನು. ಪುನರ್ಜನ್ಮದ ಮಾತು ಬಂದಾಗಲೂ ಬೌದ್ಧಭಿಕ್ಷು ನಾಗಸೇನನು ಮಿಲಿಂದರಾಜನ ಮುಂದಿಟ್ಟುದು ಅಡುಗೆಮನೆಯ ಹಾಲು, ಮೊಸರು, ಬೆಣ್ಣೆ, ತುಪ್ಪಗಳ ದೃಷ್ಟಾಂತವನ್ನು: ತುಪ್ಪವನ್ನು ಹಾಲೆನ್ನಲಾಗದು, ಆದರೆ ಹಾಲಿಲ್ಲದೆ ತುಪ್ಪವಿಲ್ಲ. ಹಾಗೆಯೇ ದೇಹದಿಂದ ದೇಹಕ್ಕೆ ಆತ್ಮವೊಂದು ಸಾಗಿಹೋಗದೆಯೂ ಜನ್ಮಕ್ಕೆ ಜನ್ಮ ಕೂಡಿಕೊಳ್ಳುತ್ತದೆ.

ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರನಿಕಾಯದಲ್ಲಿ ಉಪ್ಪಿನ ದೃಷ್ಟಾಂತವೂ ಒಂದುಂಟು. ಒಂದು ಹರಳು ಉಪ್ಪು ಬಟ್ಟಲಿನ ನೀರನ್ನು ಕುಡಿಯಲಾಗದಂತೆ ಮಾಡುವುದು, ಗಂಗೆಯನ್ನೇನೂ ಮಾಡಲಾರದು. ಶೀಲವನ್ನೂ ಪ್ರಜ್ಞೆಯನ್ನೂ ಬೆಳೆಸಿಕೊಂಡವನಿಗೆ ಅಲ್ಪಪಾಪದ ಫಲವೂ ಹಾಗೆಯೇ ಅಲ್ಪವಾಗಿ ತೀರುವುದು. ಇದನ್ನು ನಾನು ಓದುವ ಮೊದಲೇ ಕಂಡಿದ್ದೆ. ಎಂಟು ವರ್ಷದವನಾಗಿದ್ದಾಗ, ಅಜ್ಜಿ ದೇವರ ಮುಂದೆ ಕುಳಿತಿದ್ದ ಹೊತ್ತಿನಲ್ಲಿ, ಕುದಿಯುವ ಸಾರಿಗೆ ನಾನು ಎರಡನೆಯ ಸಲ ಕಲ್ಲುಪ್ಪು ಹಾಕಿಬಿಟ್ಟೆ. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ರುಚಿ ನೋಡಿ, ಅಜ್ಜಿ "ಮಾಡಿದ್ದುಣ್ಣೋ ಮಹಾರಾಯ" ಎಂದಳು, ನಾನು ಅಳತೊಡಗಿದೆ. ಆಕೆ ಅಟ್ಟದಿಂದ ದೊಡ್ಡ ಪಾತ್ರೆಯನ್ನಿಳಿಸಿ, ಸಾರನ್ನು ಅದಕ್ಕೆ ಬಗ್ಗಿಸಿ, ಮತ್ತಷ್ಟು ಬೇಳೆ ಬೇಯಿಸಿ ಕಟ್ಟನ್ನು ಬಸಿದು ಹೊಯ್ದು, ಹುಣಿಸೆಯ ರಸ ಹಿಂಡಿ, ಇನ್ನೊಮ್ಮೆ ಕುದಿಸಿದಳು. ಆ ರಾತ್ರಿ ಮನೆಯವರೆಲ್ಲರೂ, ಪಕ್ಕದ ಮನೆಯವರೂ, ಅದನ್ನೇ ಉಂಡರು, ಉಪ್ಪಾಯಿತೆಂದವರಿಲ್ಲ.