ಸೀಬರ್ಡ್ ಮತ್ತು ನಮ್ಮ ಕೊನೆಯ ಬೆಂಚು

2005ರ ಮೇ 31ರಂದು ಅರ್ಗಾದಲ್ಲಿ ಅಂದಿನ ರಕ್ಷಣಾ ಸಚಿವ ಪ್ರಣಬ್ ಮುಖರ್ಜಿಯವರು ಐಎನ್‌ಎಸ್ ಕದಂಬ ನೌಕಾನೆಲೆಯನ್ನು ಉದ್ಘಾಟಿಸಿದರು. ಅದರ ಬೆನ್ನಿಗೇ ಶಾಲೆ ಶುರುವಾಗಿ ನಾವು ಹತ್ತನೇ ತರಗತಿಗೆ ಬಂದೆವು. ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ನಿರಾಶ್ರಿತರ ಕಾಲೊನಿಯ ಹುಡುಗ. ಊರು ಯಾವುದೆಂದು ಸರ್ ಕೇಳಿದರೆ ಬೇಲಿಯ ಒಳಗೆ ಹೋದ ತನ್ನ ಹಳೆಯ ಊರಿನ ಹೆಸರನ್ನೇ ಹೇಳುತ್ತಿದ್ದ. ನಾವು ನಗುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಬೇಲಿಯ ಕತೆ ಮುಂಬೈಯಿಂದ ಶುರುವಾಗುತ್ತದೆ. 1971ರ ಯುದ್ಧದ ಹೊತ್ತಿಗೆ ಪಶ್ಚಿಮ ಕರಾವಳಿಯ ಯುದ್ಧನೌಕೆಗಳಿಗೆ ಮುಂಬೈಯೇ ಮುಖ್ಯ ಆಸರೆ. ಸರಕು ಹಡಗು, ಮೀನುಗಾರರ ದೋಣಿಗಳ ನಡುವೆಯೇ ಅವೂ ಸಂಚರಿಸಬೇಕು. ಎಲ್ಲ ಹೊರೆಯನ್ನೂ ಒಂದೇ ಸರ್ವರ್ ಮೇಲೆ ಹೇರಬಾರದೆಂಬುದು ನಮ್ಮ ಕಂಪ್ಯೂಟರ್ ವೃತ್ತಿಯ ಮೊದಲ ಪಾಠ. ನೌಕಾಪಡೆ ಅದನ್ನು ಯುದ್ಧದಲ್ಲಿ ಕಲಿಯಿತು. ಎಂಬತ್ತರ ದಶಕದ ಆರಂಭದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಾಸನ್ ಅವರ ಕಣ್ಣು ಕಾರವಾರದ ಮೇಲೆ ಬಿತ್ತು. ಹಿಂದೆ ಘಟ್ಟ, ಮುಂದೆ ಆಳವಾದ ಕಡಲು, ಅಡ್ಡಲಾಗಿ ಅಂಜದೀವ. 1961ರ ಗೋವಾ ವಿಮೋಚನೆಯಲ್ಲಿ ಏಳು ನಾವಿಕರು ಪ್ರಾಣ ಕೊಟ್ಟದ್ದು ಇದೇ ದ್ವೀಪದಲ್ಲಿ.

1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಮುಂದೆ ಹಣದ ಮುಗ್ಗಟ್ಟು. ಕೆಲಸಕ್ಕೆ ನಿಜವಾದ ವೇಗ ಬಂದದ್ದು 1999ರ ನಂತರ. ಅಡಿಗಲ್ಲಿಗೂ ಉದ್ಘಾಟನೆಗೂ ನಡುವಿನ ಹತ್ತೊಂಬತ್ತು ವರ್ಷಗಳನ್ನು ಸರ್ಕಾರಿ ಕಡತಗಳು 'ವಿಳಂಬ' ಎಂದು ಬರೆಯಬಹುದು. ಏಳುತ್ತೇವೋ ಉಳಿಯುತ್ತೇವೋ ತಿಳಿಯದ ಮನೆಗಳಿಗೆ ಅದು ಒಂದು ತಲೆಮಾರು. ಹೊಸ ಮಾಡು ಹೊದಿಸಬೇಕೇ, ತೆಂಗಿನ ಸಸಿ ನೆಡಬೇಕೇ ಎಂಬುದೂ ಪ್ರಶ್ನೆಯೇ. ಕೊನೆಗೆ ಕಾರವಾರ, ಅಂಕೋಲಾ ತಾಲೂಕುಗಳ ಸುಮಾರು ಹನ್ನೊಂದು ಸಾವಿರ ಎಕರೆ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಗುಂಟೆಗೆ ಎಷ್ಟು ಎಂಬ ಜಗಳ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯಿತು. ಮೀನುಗಾರರಿಗೆ ನೆಲಕ್ಕಿಂತ ದೊಡ್ಡ ನಷ್ಟ ಬಲೆ ಎಳೆಯುವ ದಂಡೆಯದು. ಅದನ್ನು ಗುಂಟೆಯಲ್ಲಿ ಅಳೆಯುವುದು ಹೇಗೆ?

2008ರ ಮುಂಬೈ ದಾಳಿಯ ನಂತರ ರಕ್ಷಣಾ ವ್ಯವಸ್ಥೆ ಮತ್ತೆ ಬದಲಾಯಿತು. ಉಗ್ರರು ಬಂದದ್ದು ಸಮುದ್ರದಿಂದ, ವಶಪಡಿಸಿಕೊಂಡ ಮೀನುಗಾರಿಕಾ ದೋಣಿಯಲ್ಲಿ. ಎಷ್ಟು ದೊಡ್ಡ ಹಡಗಿದ್ದರೂ ಪ್ರತಿ ದೋಣಿಯ ಗುರುತು ಹಿಡಿಯಲಾರದು; ಮೀನುಗಾರ ಹಿಡಿಯಬಲ್ಲ. ಮೀನುಗಾರರಿಗೆ ಗುರುತಿನ ಚೀಟಿ ಬಂತು, 'ಸಾಗರ ಕವಚ' ಅಣಕು ಕಾರ್ಯಾಚರಣೆಗಳು ನಡೆದವು, ಸಂಶಯದ ದೋಣಿ ಕಂಡರೆ ತಿಳಿಸಿ ಎಂದು ಅವರನ್ನೇ ಕೇಳಿಕೊಂಡರು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದಾಗ ಚಾಲಕನನ್ನು ಬದುಕಿಸಲು ಪೊಲೀಸರ ಜೊತೆ ಕೈ ಹಾಕಿದವರೂ ಮೀನುಗಾರರೇ.

ಹೋದ ಗಣೇಶ ಚೌತಿಗೆ ಊರಿಗೆ ಬಂದಾಗ ಆ ಗೆಳೆಯ ಬೇಲೆಕೇರಿಯಲ್ಲಿ ಸಿಕ್ಕ. ಈಗ ದೋಣಿಗೆ ಹೋಗುತ್ತಾನೆ. ಚೀಟಿ ತೋರಿಸಿ ನಕ್ಕ: "ಬೇಲಿ ಒಳಗೆ ನಮ್ಮನ್ನ ಬಿಡೂದಿಲ್ಲ ಮಾರಾಯ, ಬೇಲಿ ಹೊರಗೆ ಕಾಯೂಕೆ ನಾವೇ ಬೇಕು." ಊರು ಯಾವುದೆಂದು ಕೇಳಿದೆ. ಹಳೆಯ ಹೆಸರನ್ನೇ ಹೇಳಿದ.