ಕಾರು ವಿಮೆ ರದ್ದತಿ ಶುಲ್ಕ (ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆ)

ಕಾರು ವಿಮೆ ರದ್ದತಿ ಶುಲ್ಕ: ವಾಹನ ವಿಮೆಯ ಪಾಲಿಸಿಯನ್ನು ಅವಧಿ ಮುಗಿಯುವ ಮೊದಲೇ ನಿಲ್ಲಿಸಿದಾಗ ವಿಮಾ ಕಂಪನಿ ಹಿಂದಿರುಗಿಸದೆ ಉಳಿಸಿಕೊಳ್ಳುವ ಹಣ. ಬ್ರಿಟನ್ನಿನಂಥ ದೇಶಗಳಲ್ಲಿ ಇದನ್ನು ಆಡಳಿತ ವೆಚ್ಚವೆಂದು ಬೇರೆಯಾಗಿಯೇ ವಸೂಲು ಮಾಡುವುದುಂಟು. ಭಾರತದಲ್ಲಿ ಈ ಹೆಸರಿನ ಬಾಬ್ತು ರಸೀತಿಯಲ್ಲಿ ಕಾಣಿಸುವುದಿಲ್ಲ. ಕಳೆದುಹೋದ ದಿನಗಳಿಗೆ ಸಲ್ಲುವುದಕ್ಕಿಂತ ಹೆಚ್ಚು ಪ್ರೀಮಿಯಂ ಹಿಡಿದುಕೊಂಡರೆ ಆ ಹೆಚ್ಚಳವೇ ಶುಲ್ಕ. ಹೆಸರಿಲ್ಲದ ಕಾರಣ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ, ಆಲ್ದೂರು, ಬಾಳೆಹೊನ್ನೂರು ಕಡೆ ಈ ಪ್ರಶ್ನೆ ಏಳುವುದು ಕೆಲವು ಖಚಿತ ಸಂದರ್ಭಗಳಲ್ಲಿ. ಕಾಫಿ ಮಾರಿದ ಹಣದಲ್ಲಿ ಹೊಸ ಕಾರು ತಂದು ಹಳೆಯದನ್ನು ಮಾರುವಾಗ. ವೈಟ್ ಬೋರ್ಡ್ ಗಾಡಿಯನ್ನು ಹೊರನಾಡು, ಕುದುರೆಮುಖದ ಪ್ರವಾಸಿಗರಿಗಾಗಿ ಯೆಲ್ಲೋ ಬೋರ್ಡಿಗೆ ಬದಲಾಯಿಸುವಾಗ. ಊರಿನ ಏಜೆಂಟರು ಒಂದು ಪಾಲಿಸಿ ಮಾಡಿಸಿ, ಬೆಂಗಳೂರಿನಲ್ಲಿರುವ ಮಗ ಮೊಬೈಲಿನಲ್ಲಿ ಇನ್ನೊಂದು ಮಾಡಿಸಿಬಿಟ್ಟಾಗ. ಮಳೆಗಾಲದಲ್ಲಿ ತೋಟದ ಜೀಪು ಶೆಡ್ಡಿನಲ್ಲೇ ನಿಂತಾಗ. ಕೊನೆಯದಕ್ಕೆ ರದ್ದತಿಯೇ ಬೇಕಿರಲಿಲ್ಲ. ವಾಹನವನ್ನು ಕನಿಷ್ಠ ಎರಡು ತಿಂಗಳು ಸತತವಾಗಿ ಗ್ಯಾರೇಜಿನಲ್ಲೇ ಇಡುವುದಾದರೆ, ಬೆಂಕಿ, ಕಳ್ಳತನ ಮೊದಲಾದವುಗಳ ರಕ್ಷಣೆಯನ್ನಷ್ಟೇ ಉಳಿಸಿ ಪ್ರೀಮಿಯಂ ರಿಯಾಯಿತಿ ಕೊಡುವ ಅವಕಾಶ ಮುಂದೆ ಹೇಳುವ ಮೋಟಾರ್ ಟ್ಯಾರಿಫ್ ನಿಯಮದಲ್ಲಿತ್ತು. ಆ ದಿನಗಳಲ್ಲಿ ಗಾಡಿ ಗೇಟು ದಾಟಿ ರಸ್ತೆಗೆ ಇಳಿಯುವಂತಿರಲಿಲ್ಲ.

2002ರ ಜುಲೈ 1ರಂದು ಜಾರಿಗೆ ಬಂದ ಇಂಡಿಯಾ ಮೋಟಾರ್ ಟ್ಯಾರಿಫ್ ಈ ಲೆಕ್ಕಕ್ಕೆ ‘ಶಾರ್ಟ್ ಪೀರಿಯಡ್ ಸ್ಕೇಲ್’ ಎಂಬ ಪಟ್ಟಿಯನ್ನು ಕೊಟ್ಟಿತು. ಪಾಲಿಸಿ ಒಂದು ತಿಂಗಳೊಳಗೆ ನಿಂತರೆ ಕಂಪನಿಗೆ ವಾರ್ಷಿಕ ಪ್ರೀಮಿಯಂನ ಶೇ. 20. ಆಮೇಲೆ ತಿಂಗಳಿಗೆ ಶೇ. 10ರಂತೆ ಏರಿ, ಎಂಟು ತಿಂಗಳು ದಾಟಿದರೆ ವಾಪಸು ಏನೂ ಇಲ್ಲ. 12,000 ರೂಪಾಯಿ ಪ್ರೀಮಿಯಂ ಕಟ್ಟಿದವರು 100ನೇ ದಿನ ರದ್ದು ಮಾಡಿಸಿದರೆ ಅರ್ಧ, ಅಂದರೆ 6,000 ಸಿಗುತ್ತಿತ್ತು. ಉಳಿದ 265 ದಿನಗಳಿಗೆ ದಿನವಹಿ ಲೆಕ್ಕ ಹಾಕಿದರೆ ಬರಬೇಕಾದದ್ದು 8,712 ರೂಪಾಯಿ. ನಡುವಿನ 2,712 ರೂಪಾಯಿಯೇ ಆ ಹೆಸರಿಲ್ಲದ ಶುಲ್ಕ. ಅದೇ ಟ್ಯಾರಿಫಿನಲ್ಲಿ, ಕಂಪನಿ ತಾನಾಗಿ ಪಾಲಿಸಿ ನಿಲ್ಲಿಸಿದರೆ ಮಾತ್ರ ದಿನವಹಿ ಲೆಕ್ಕ. ಗ್ರಾಹಕ ಬಿಟ್ಟರೆ ಒಂದು ತಕ್ಕಡಿ, ಕಂಪನಿ ಬಿಟ್ಟರೆ ಇನ್ನೊಂದು, ಇದು ನ್ಯಾಯವಾಗಿರಲಿಲ್ಲ.

2007ರ ಜನವರಿಯಿಂದ ದರಗಳ ಮೇಲಿನ ಟ್ಯಾರಿಫ್ ಹಿಡಿತ ಸಡಿಲವಾದರೂ ಈ ಪಟ್ಟಿ ಪಾಲಿಸಿ ಪುಸ್ತಿಕೆಗಳಲ್ಲಿ ಉಳಿದುಕೊಂಡಿತು. ಬದಲಾವಣೆ ಬಂದದ್ದು 2024ರ ಜೂನ್ 11ರಂದು, ಹೈದರಾಬಾದಿನ ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ಹೊರಡಿಸಿದ ಮಾಸ್ಟರ್ ಸುತ್ತೋಲೆಯಿಂದ. ಅದರಂತೆ ಗ್ರಾಹಕರು ಕಾರಣ ಹೇಳದೆ ಯಾವಾಗ ಬೇಕಾದರೂ ಪಾಲಿಸಿ ರದ್ದು ಮಾಡಿಸಬಹುದು. ಒಂದು ವರ್ಷದವರೆಗಿನ ಪಾಲಿಸಿಯಲ್ಲಿ ಆ ಅವಧಿಯೊಳಗೆ ಕ್ಲೇಮ್ ಆಗಿರದಿದ್ದರೆ, ಉಳಿದ ದಿನಗಳ ಪ್ರೀಮಿಯಂ ಅದೇ ಪ್ರಮಾಣದಲ್ಲಿ ವಾಪಸಾಗಬೇಕು. ಕಂಪನಿ ರದ್ದು ಮಾಡಬೇಕಾದರೆ ವಂಚನೆ ಸಾಬೀತಾಗಿರಬೇಕು, ಕನಿಷ್ಠ ಏಳು ದಿನಗಳ ನೋಟಿಸ್ ಕೊಡಬೇಕು. ಜೀವ ಮತ್ತು ಆರೋಗ್ಯ ವಿಮೆಗಿರುವ 30 ದಿನಗಳ ‘ಫ್ರೀ ಲುಕ್’ (ಪಾಲಿಸಿ ಓದಿ ನೋಡಿ ಹಿಂದಿರುಗಿಸುವ) ಸೌಲಭ್ಯ ಕಾರು ವಿಮೆಗೆ ಇಲ್ಲ.

ಆದರೆ ಜನ ‘ಫುಲ್ ಇನ್ಶೂರೆನ್ಸ್’ ಎನ್ನುವ ಪಾಲಿಸಿಯೊಳಗೆ ಎರಡು ಭಾಗಗಳಿವೆ. ಸ್ವಂತ ವಾಹನದ ಹಾನಿಯ ಭಾಗ ಮಾಲೀಕರ ಇಷ್ಟ. ಥರ್ಡ್ ಪಾರ್ಟಿ ಭಾಗ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಕಡ್ಡಾಯ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕಾಯಿತು. ಈ ದೀರ್ಘಾವಧಿ ವಿಮೆಯನ್ನು ಮನಸ್ಸು ಬಂದಂತೆ ನಿಲ್ಲಿಸಲು ಬರುವುದಿಲ್ಲ. ವಾಹನಕ್ಕೆ ಎರಡು ಪಾಲಿಸಿ ಇರಬೇಕು, ಇಲ್ಲವೇ ಅದು ಪೂರ್ತಿ ನಾಶವಾಗಿರಬೇಕು, ಇಲ್ಲವೇ ಮಾರಾಟವಾಗಿ ಬೇರೆ ವಿಮೆಗೆ ದಾಖಲೆ ಇರಬೇಕು ಎಂದು ಐಆರ್‌ಡಿಎಐ ಆಗಲೇ ಹೇಳಿತ್ತು.

ಎರಡು ಪಾಲಿಸಿ ಇದ್ದಾಗ ಟ್ಯಾರಿಫ್ ಪದ್ಧತಿಯಂತೆ ತಡವಾಗಿ ಶುರುವಾದದ್ದು ರದ್ದಾಗುತ್ತದೆ. ಎರಡೂ ಒಂದೇ ಕಂಪನಿಯ ಬೇರೆ ಬೇರೆ ಶಾಖೆಗಳದ್ದಾದರೆ ಅದರ ಪೂರ್ತಿ ಹಣ, ಬೇರೆ ಕಂಪನಿಗಳದ್ದಾದರೆ ದಿನವಹಿ ಲೆಕ್ಕದ ಹಣ ವಾಪಸು.

ಮಾರಾಟದ ವಿಷಯದಲ್ಲಿ ಈ ಸೀಮೆಯವರು ಎಚ್ಚರವಾಗಿರಬೇಕು. ಕೆಎ-18 ಗಾಡಿಗಳು ಘಟ್ಟ ಇಳಿದು ದಕ್ಷಿಣ ಕನ್ನಡಕ್ಕೋ, ಇಲ್ಲವೇ ಪಕ್ಕದ ಹಾಸನಕ್ಕೋ ಹೋಗಿ ಕೈ ಬದಲಾಗುವುದು ಸಾಮಾನ್ಯ. ಕಾಯ್ದೆಯ 157ನೇ ಕಲಮಿನಂತೆ ಪಾಲಿಸಿ ಕೊಂಡವರ ಹೆಸರಿಗೆ ವರ್ಗವಾಯಿತೆಂದೇ ಭಾವಿಸಲಾಗುತ್ತದೆ. ಅವರು 14 ದಿನಗಳೊಳಗೆ ಕಂಪನಿಗೆ ತಿಳಿಸಬೇಕು. ಇತ್ತ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಸಿ ಇನ್ನೂ ತನ್ನ ಹೆಸರಲ್ಲಿರುವಾಗ ಎರಡು ಮೂರು ಸಾವಿರಕ್ಕಾಗಿ ಪಾಲಿಸಿ ರದ್ದು ಮಾಡಿಸುವವರು ತೋಟವನ್ನೇ ಪಣಕ್ಕಿಟ್ಟಂತೆ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಮಾತ್ರ ಗಾಡಿಯ ಜೊತೆ ಹೋಗದೆ ಮಾಲೀಕರಲ್ಲೇ ಉಳಿಯುತ್ತದೆ. ಶೇ. 20ರಿಂದ ಶೇ. 50ರವರೆಗೆ ಬೆಳೆಯುವ ಈ ರಿಯಾಯಿತಿಗೆ ಕಂಪನಿಯಿಂದ ಪತ್ರ ಪಡೆದಿಟ್ಟುಕೊಂಡರೆ ಹೊಸ ಕಾರಿಗೆ ಬಳಸಬಹುದು.

ರದ್ದತಿಗೂ ಹೊಸ ಪಾಲಿಸಿಗೂ ನಡುವೆ ಒಂದು ದಿನ ಬಿಟ್ಟುಹೋದರೂ ಶುಲ್ಕಕ್ಕಿಂತ ದೊಡ್ಡ ನಷ್ಟವಾದೀತು. ವಿಮೆಯಿಲ್ಲದೆ ಓಡಿಸಿದರೆ ಕಾಯ್ದೆಯಲ್ಲಿ ಮೊದಲ ಬಾರಿಗೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಭೂಕುಸಿತ, ನೆರೆಯ ಹಾನಿಗೆ ಪರಿಹಾರ ಬರುವುದು ಸ್ವಂತ ಹಾನಿಯ ಭಾಗದಿಂದ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದದ್ದನ್ನೂ ಚಾರ್ಮಾಡಿ ಘಾಟಿ ಮುಚ್ಚಿದ್ದನ್ನೂ ಕಂಡವರಿಗೆ, ಕಳಸದ ಬಳಿ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುವುದನ್ನು ನೋಡುತ್ತಲೇ ಬಂದವರಿಗೆ ಇದರ ಬೆಲೆ ಗೊತ್ತು. ಜೂನ್ ಹತ್ತಿರ ಬಂದಾಗ ಈ ಭಾಗವನ್ನು ಕೈಬಿಡುವುದು ಲಾಭದ ಲೆಕ್ಕವಲ್ಲ.

ಪ್ರೀಮಿಯಂಗೆ ಕೊಟ್ಟ ಚೆಕ್ ಬೌನ್ಸ್ ಆದರೂ ಪಾಲಿಸಿ ರದ್ದಾಗುತ್ತದೆ. ಕರ್ನಾಟಕದ ಇಂಥದೊಂದು ಪ್ರಕರಣದಲ್ಲಿ ರದ್ದತಿಯ ಸೂಚನೆ ಮಾಲೀಕರಿಗೆ ತಲುಪುವ ಮೊದಲೇ ಅಪಘಾತ ನಡೆದಿತ್ತು. ಮೂರನೆಯವರಿಗೆ ಕಂಪನಿಯೇ ಪರಿಹಾರ ಕೊಡಬೇಕೆಂದು 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನೋಟಿಸ್ ಕೈ ಸೇರಿದ ಮೇಲೆ ಆ ಆಸರೆ ಇಲ್ಲ. ಆದ್ದರಿಂದ ಪಾಲಿಸಿಯಲ್ಲಿ ಏಜೆಂಟರ ಅಥವಾ ತೋಟದ ರೈಟರ ಮೊಬೈಲ್ ಸಂಖ್ಯೆ ಇದ್ದರೆ ಬದಲಾಯಿಸಿ ಮಾಲೀಕರದ್ದನ್ನೇ ಕೊಡಬೇಕು.

ವಾಪಸು ಹಣ ಏಜೆಂಟರ ಖಾತೆಗೆ ಹೋಗುವಂತಿಲ್ಲ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ ಅದನ್ನು ಪಾಲಿಸಿದಾರರಿಗೆ ನೇರವಾಗಿ ಕೊಡಬೇಕು. ಕಡಿಮೆ ಬಂದರೆ ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.