ಕೆನರಾ ಕ್ರೈಸ್ತರ ಸೆರೆವಾಸವೂ ತೆನೆಹಬ್ಬವೂ: ಕೃಪಾಸ್ಮರಣೆಯ ವಿಚಾರ

ದೇವರು ಪೂರ್ವದಲ್ಲಿ ಮಾಡಿದ ಉಪಕಾರಗಳನ್ನು ಕಷ್ಟಕಾಲದಲ್ಲಿ ಜ್ಞಾಪಕಕ್ಕೆ ತಂದುಕೊಳ್ಳುವುದು ಕ್ರೈಸ್ತರ ಧರ್ಮಾಚರಣೆಗಳಲ್ಲಿ ಬಹು ಪ್ರಾಚೀನವಾದುದು. ಇದು ಅವರಿಗೆ ಯೆಹೂದ್ಯರ ಶಾಸ್ತ್ರದಿಂದ ಬಂದ ಪಿತ್ರಾರ್ಜಿತ. ಯೆಹೋಶುವನ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ, ಯೊರ್ದನ್ ಹೊಳೆಯನ್ನು ದಾಟಿದ ಜನರು ಹೊಳೆಯ ಪಾತ್ರದಿಂದ 12 ಕಲ್ಲುಗಳನ್ನು ಹೊತ್ತುತಂದು ಗಿಲ್ಗಾಲಿನಲ್ಲಿ ನಿಲ್ಲಿಸಿದರೆಂದು ಹೇಳಿದೆ. ಮುಂದೆ ಮಕ್ಕಳು ಈ ಕಲ್ಲುಗಳೇನೆಂದು ಕೇಳಿದಾಗ ಹಿರಿಯರು ನಡೆದ ಸಂಗತಿಯನ್ನು ತಿಳಿಸಬೇಕೆಂಬುದೇ ಅದರ ಉದ್ದೇಶ. 77ನೆಯ ಕೀರ್ತನೆಯಲ್ಲಿ, ನಿದ್ದೆಯಿಲ್ಲದ ರಾತ್ರಿಯಲ್ಲಿ ಭಕ್ತನು ದೇವರು ತನ್ನನ್ನು ಮರೆತನೋ ಎಂದು ಸಂಶಯಪಟ್ಟು, ಅನಂತರ ಹಳೆಯ ಮಹತ್ಕಾರ್ಯಗಳನ್ನು ಒಂದೊಂದಾಗಿ ನೆನೆಯುತ್ತಾನೆ. ಆತನ ಕಷ್ಟವು ಪರಿಹಾರವಾಯಿತೆಂದು ಆ ಕೀರ್ತನೆಯು ಎಲ್ಲಿಯೂ ಹೇಳುವುದಿಲ್ಲವೆಂಬುದು ಗಮನಾರ್ಹವಾಗಿದೆ.

ಇದಕ್ಕಿಂತಲೂ ಅರ್ಥವತ್ತಾದ ನಿದರ್ಶನವು ಎಬೆನೆಜೆರ್ ಎಂಬ ಹೆಸರಿನಲ್ಲಿದೆ. ಸಹಾಯದ ಕಲ್ಲು ಎಂಬುದು ಆ ಶಬ್ದದ ಅರ್ಥ. ಫಿಲಿಷ್ಟಿಯರಿಂದ ಬಿಡುಗಡೆಯಾದ ಬಳಿಕ ಸಮುವೇಲನು ಒಂದು ಕಲ್ಲನ್ನು ನೆಟ್ಟು ಅದಕ್ಕೆ ಈ ಹೆಸರಿಟ್ಟನೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅದೇ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಇಸ್ರಾಯೇಲರು ಸೋತು, ಒಡಂಬಡಿಕೆಯ ಮಂಜೂಷವನ್ನೇ ಶತ್ರುವಿಗೆ ಕಳೆದುಕೊಂಡ ಯುದ್ಧದಲ್ಲಿ, ಅವರ ಪಾಳೆಯವಿದ್ದ ಸ್ಥಳಕ್ಕೂ ಎಬೆನೆಜೆರ್ ಎಂದೇ ಹೆಸರು. ಸೋಲಿಗೂ ಸಹಾಯಕ್ಕೂ ಒಂದೇ ಹೆಸರು ಸಲ್ಲುತ್ತದೆ. ಹೀಗೆ ಕೃಪಾಸ್ಮರಣೆಯು ವಿಜಯಸ್ತಂಭದಂತಹುದಲ್ಲ. ಸೋತವರು, ಎಡವಿದವರು, ಆದರೂ ಕೈಬಿಡಲ್ಪಡದವರು ಮಾಡುವ ಸ್ಮರಣೆಯಿದು. ಈ ಲಕ್ಷಣವು ಕನ್ನಡನಾಡಿನ ಚರಿತ್ರೆಯಲ್ಲಿ ಸ್ಫುಟವಾಗಿ ಕಾಣುವುದು ಕೆನರಾ ಕ್ರೈಸ್ತರ ಶ್ರೀರಂಗಪಟ್ಟಣದ ಸೆರೆವಾಸದಲ್ಲಿ.

ಈ ಜನರ ಪೂರ್ವಿಕರು ಬಹುಮಟ್ಟಿಗೆ 16 ಮತ್ತು 17ನೆಯ ಶತಮಾನಗಳಿಂದ ಗೋವೆಯನ್ನು ಬಿಟ್ಟು ದಕ್ಷಿಣಕ್ಕೆ ಬಂದ ಕೊಂಕಣಿ ಮಾತಿನ ಕುಟುಂಬಗಳವರು. ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಅವರು ಬೇಸಾಯಗಾರರಾಗಿ ಕರಾವಳಿಯಲ್ಲಿ ನೆಲೆಯೂರಿದರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಮೇಲೆ ಆ ಸೀಮೆಯು ಮೈಸೂರಿನ ವಶವಾಯಿತು. 1783ರಲ್ಲಿ ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸನು ಬಿದನೂರನ್ನೂ ಮಂಗಳೂರನ್ನೂ ಹಿಡಿದಾಗ ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಆಪಾದನೆ ಹುಟ್ಟಿತು. 1784ನೆಯ ಜನವರಿಯಲ್ಲಿ ಮಂಗಳೂರಿನ ಕೋಟೆಯು ಟೀಪು ಸುಲ್ತಾನನ ಕೈಸೇರಿತು. ಮುಂದಿನ ತಿಂಗಳಲ್ಲಿಯೇ ಆ ಜನರ ಮೇಲೆ ಶಿಕ್ಷೆ ಎರಗಿತು.

1784ನೆಯ ಫೆಬ್ರವರಿ 24, ಬೂದಿಬುಧವಾರವೆಂದು ಸಮುದಾಯದ ಪರಂಪರೆಯು ಆ ದಿನವನ್ನು ಗುರುತಿಸುತ್ತದೆ. ಕೆನರಾದ ಕ್ರೈಸ್ತರನ್ನು ಹಿಡಿದು, ಆಸ್ತಿಯನ್ನು ಮುಟ್ಟುಗೋಲು ಹಾಕಿ, ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಪಾದ್ರಿಗಳನ್ನು ಸೀಮೆಯಿಂದ ಹೊರಗೆ ಅಟ್ಟಿ, ಇಗರ್ಜಿಗಳನ್ನು ಕೆಡವಿದರು. ಮೂಡಬಿದಿರೆಯ ಹೊಸಬೆಟ್ಟಿನ ಇಗರ್ಜಿಯು ಅಲ್ಲಿನ ಚೌಟ ಅರಸನ ಮಾತಿನಿಂದ ಉಳಿಯಿತೆಂದು ಪ್ರತೀತಿಯಿದೆ. ಸೆರೆಹೋದವರ ಸಂಖ್ಯೆಯ ವಿಷಯದಲ್ಲಿ ಐಕಮತ್ಯವಿಲ್ಲ. ಫ್ರೆಂಚ್ ಪಾದ್ರಿ ಅಬೆ ದ್ಯುಬುವಾ 60,000ಕ್ಕೂ ಮೇಲೆಂದು ಬರೆದಿದ್ದಾನೆ. ಇತರರ ಲೆಕ್ಕಗಳಲ್ಲಿ ಇದಕ್ಕಿಂತ ಕಡಿಮೆಯೂ ಉಂಟು, ಹೆಚ್ಚೂ ಉಂಟು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಜನರು ಸತ್ತರು. ಗಂಡಸರಲ್ಲಿ ಅನೇಕರನ್ನು ಮತಾಂತರಗೊಳಿಸಿ ಸೈನ್ಯದ ದಳಗಳಿಗೆ ಸೇರಿಸಲಾಯಿತು. ಈ ಸ್ಥಿತಿಯು 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬೀಳುವವರೆಗೆ, ಎಂದರೆ 15 ವರ್ಷಗಳ ಕಾಲ ನಡೆಯಿತು.

ಮೇಲೆ ಹೇಳಿದ ದ್ಯುಬುವಾನ ಸಾಕ್ಷ್ಯವು ಇಲ್ಲಿ ವಿಶೇಷವಾಗಿ ವಿಚಾರಣೀಯವಾಗಿದೆ. ಶ್ರೀರಂಗಪಟ್ಟಣದ ಪತನಾನಂತರ ಆ ಸೀಮೆಯ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದವರಲ್ಲಿ ಆತನು ಮುಖ್ಯನು. 1823ರಲ್ಲಿ ಪ್ರಕಟವಾದ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳಲ್ಲಿ ಆತನು ಈ ಪ್ರಸಂಗವನ್ನು ಹೊಗಳಿಕೆಗಾಗಿ ಎತ್ತಿಕೊಂಡಿಲ್ಲ. ಅಷ್ಟು ಸಾವಿರ ಜನರಲ್ಲಿ ಮತಕ್ಕಾಗಿ ಪ್ರಾಣಕೊಡುವ ಧೈರ್ಯ ಒಬ್ಬನಿಗೂ ಇರಲಿಲ್ಲವೆಂಬುದೇ ಆತನ ಆಕ್ಷೇಪ. ಆದರೆ ಅದೇ ಸ್ಥಳದಲ್ಲಿ ಆತನು ಮತ್ತೊಂದು ಸಂಗತಿಯನ್ನೂ ದಾಖಲೆಮಾಡಿದ್ದಾನೆ: ಬಿಡುಗಡೆಯಾದವರು ತಾವಾಗಿಯೇ ಬಂದು, ತಮ್ಮ ಮತತ್ಯಾಗವು ಹೊರಗಿನದು ಮಾತ್ರವೆಂದೂ ಮನಸ್ಸಿನಲ್ಲಿ ಹಳೆಯ ನಂಬಿಕೆಯನ್ನೇ ಇಟ್ಟುಕೊಂಡಿದ್ದೆವೆಂದೂ ಹೇಳಿ ಸಭೆಗೆ ಮರಳಿದರು. ಹೀಗೆ ಸುಮಾರು 2,000 ಮಂದಿ ತನ್ನ ಬಳಿಗೆ ಬಂದರೆಂದೂ, ಸುಮಾರು 20,000 ಮಂದಿ ಮಂಗಳೂರಿನ ಸೀಮೆಗೆ ಹಿಂದಿರುಗಿ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರೆಂದೂ ಆತನು ಬರೆದಿದ್ದಾನೆ.

ಆಕ್ಷೇಪವು ಕಠಿನವಾದರೂ ಅದನ್ನು ತಳ್ಳಿಹಾಕುವುದು ಚರಿತ್ರಕಾರನಿಗೆ ತಕ್ಕುದಲ್ಲ. ಮಕ್ಕಳುಮರಿಗಳೊಡನೆ ಸೆರೆಸಿಕ್ಕಿದ ಬೇಸಾಯಗಾರರಿಂದ ವೀರಮರಣವನ್ನು ಅಪೇಕ್ಷಿಸುವುದು ನ್ಯಾಯವೇ ಎಂದು ಕೇಳಬಹುದು. ಆದರೂ ಅವರು ವೀರರಾಗಿರಲಿಲ್ಲವೆಂಬುದನ್ನು ಒಪ್ಪಬೇಕು. ಒಪ್ಪಿದರೇನೆ ಮುಂದಿನ ಸಂಗತಿಯು ಅರ್ಥವಾಗುವುದು. 15 ವರ್ಷ ಪಾದ್ರಿಯಿಲ್ಲ, ಇಗರ್ಜಿಯಿಲ್ಲ. ಉಳಿದಿದ್ದುದು ಹಿರಿಯರ ನೆನಪೊಂದೇ. ಸೆರೆಯಲ್ಲಿ ಹುಟ್ಟಿದ ಮಗುವು ಕರಾವಳಿಯ ಇಗರ್ಜಿಯನ್ನು ಕಂಡಿರಲಾರದು. ಅದಕ್ಕೆ ಅದು ತಾಯಿಯ ಮಾತಿನಿಂದ ತಿಳಿಯಬೇಕಾದ ವಸ್ತು. ಗಿಲ್ಗಾಲಿನಲ್ಲಿ ಮಕ್ಕಳು ಕೇಳುವುದಕ್ಕೆ ಕಲ್ಲುಗಳಾದರೂ ಇದ್ದುವು. ಇಲ್ಲಿ ಕಲ್ಲುಗಳೂ ಇರಲಿಲ್ಲ. ಆದುದರಿಂದ 1799ರಲ್ಲಿ ಸಾವಿರಾರು ಮಂದಿ ತಮ್ಮನ್ನು ಕ್ರೈಸ್ತರೆಂದು ಹೇಳಿಕೊಂಡು ಬಂದುದು ಅವರ ಸ್ಥೈರ್ಯಕ್ಕಿಂತ ಹೆಚ್ಚಾಗಿ, ಮನೆಯೊಳಗೆ ಆರದೆ ಉಳಿದ ಜ್ಞಾಪಕದ ಫಲವೆಂದು ಊಹಿಸಬೇಕಾಗಿದೆ. ದೇವರ ನಂಬಿಗಸ್ತಿಕೆಯನ್ನು ಕುರಿತು ಅವರು ಮಾತನಾಡಿದಾಗ ತಮ್ಮ ನಂಬಿಗಸ್ತಿಕೆಯನ್ನು ಅದರೊಡನೆ ತೂಗುವ ಸ್ಥಿತಿಯಲ್ಲಿ ಅವರಿರಲಿಲ್ಲ. 78ನೆಯ ಕೀರ್ತನೆಯ ಅಭಿಪ್ರಾಯವೂ ಇದೇ: ಜನರು ಮರೆತರು, ದೇವರು ಮರೆಯಲಿಲ್ಲ.

ಸೆರೆಯಿಂದ ತಪ್ಪಿಸಿಕೊಂಡ ಕೆಲವರು ಮೊದಲೇ ಕೊಡಗಿನ ದೊಡ್ಡವೀರರಾಜೇಂದ್ರನ ಆಶ್ರಯವನ್ನು ಪಡೆದಿದ್ದರು. 1792ರಲ್ಲಿ ಆತನು ಕಟ್ಟಿಸಿದ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನ ಇಗರ್ಜಿಯು ಅವರಿಂದ ನೆಲೆಗೊಂಡಿತು. ಕರಾವಳಿಗೆ ಮರಳಿದವರ ಭೂಮಿಯು ಅನ್ಯರ ವಶದಲ್ಲಿತ್ತು. ಬಿಟ್ಟುಹೋದ ಗದ್ದೆಯನ್ನು ಮತ್ತೆ ಪಡೆಯುವುದು, ಬಿದ್ದ ಮನೆಯನ್ನು ಎತ್ತುವುದು ಮುಂತಾದ ಕೆಲಸಗಳೇ ಅವರ ಮೊದಲ ವರ್ಷಗಳನ್ನು ತುಂಬಿದುವು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯು ಮತ್ತೆ ಎದ್ದುದು 1811ರಲ್ಲಿ.

ಇನ್ನು ತೆನೆಹಬ್ಬದ ವಿಚಾರ. ಸೆಪ್ಟೆಂಬರ್ 8, ಕನ್ಯಾಮರಿಯಮ್ಮನ ಜನ್ಮದಿನ, ಕೆನರಾ ಕ್ರೈಸ್ತರಿಗೆ ಮೊಂತಿಹಬ್ಬವಾಗಿದೆ. ಮುಂಚಿನ ಒಂಬತ್ತು ದಿನಗಳಲ್ಲಿ ಮಕ್ಕಳು ಇಗರ್ಜಿಗೆ ಹೂವನ್ನು ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಯು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಕೊಡುತ್ತಾನೆ. ಮನೆಯಲ್ಲಿ ತೆನೆಯ ಕಾಳನ್ನು ಸುಲಿದು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರಸಿ, ಪ್ರಾರ್ಥನೆಯ ಬಳಿಕ ಎಲ್ಲರಿಗೂ ಹಂಚುತ್ತಾರೆ. ಆ ದಿನದ ಊಟದಲ್ಲಿ ಮಾಂಸವಿಲ್ಲ. ತುಳುವರು ಮನೆಗೆ ತೆನೆ ತಂದು ಕಟ್ಟುವ ಆಚಾರವೂ ಹೊಸಅಕ್ಕಿಯ ಊಟವೂ, ಕೊಡಗರ ಹುತ್ತರಿಯೂ ಇದಕ್ಕೆ ಸೋದರಸಮಾನವಾದುವು. ನೇತ್ರಾವತಿಯ ದಡದಲ್ಲಿರುವ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಪಾದ್ರಿ ಜೊವಾಕಿಂ ಮಿರಾಂದಾ 1763ರಲ್ಲಿ ಈ ಹಬ್ಬವನ್ನು ಆರಂಭಿಸಿದನೆಂದು ಪರಂಪರೆಯು ಹೇಳುತ್ತದೆ. ಆ ಇಗರ್ಜಿಯೂ 1784ರ ನಾಶದಿಂದ ಉಳಿಯಿತೆಂದು ಪ್ರಸಿದ್ಧಿಯಿದೆ.

ಈ ಹಬ್ಬವು ಸೆರೆವಾಸದ ಸ್ಮಾರಕವಾಗಿ ಹುಟ್ಟಿದುದಲ್ಲವೆಂಬುದು 1763ನೆಯ ಇಸವಿಯಿಂದಲೇ ವ್ಯಕ್ತವಾಗುತ್ತದೆ. ಅದರ ಮಹತ್ವವಿರುವುದೂ ಇಲ್ಲಿಯೇ. ಮರಳಿಬಂದ ಜನರ ವರ್ಷದಲ್ಲಿ ಮುಖ್ಯಸ್ಥಾನವನ್ನು ಪಡೆದುದು ತಮ್ಮನ್ನು ಎಳೆದೊಯ್ದ ದಿನವಲ್ಲ; ಕಷ್ಟಕ್ಕೆ 21 ವರ್ಷ ಮೊದಲು ತಮ್ಮ ಗದ್ದೆಯ ತೆನೆಯನ್ನು ಕೈಯಲ್ಲಿ ಹಿಡಿದು ಮಾಡಿದ್ದ ಕೃತಜ್ಞತೆಯ ದಿನ. ಪೂರ್ವದ ಉಪಕಾರವನ್ನು ಕಷ್ಟದ ಆಚೆಯಿಂದ ಮತ್ತೆ ಎತ್ತಿಕೊಳ್ಳುವ ಕೀರ್ತನಕಾರರ ಕ್ರಮವು ಇದರಲ್ಲಿ ಆಚಾರರೂಪವಾಗಿ ನಿಂತಿದೆ. ಗದ್ದೆಯನ್ನು ಕಳೆದುಕೊಂಡು ಮತ್ತೆ ಪಡೆದವನ ಕೈಗೆ ಹೊಸ ತೆನೆಯು ಬರುವುದು ಏನೆಂಬುದನ್ನು ವಿವರಿಸಬೇಕಾದುದಿಲ್ಲ.

ಕೃತಜ್ಞತೆಯು ಉಳಿದವರ ಮಾತು. ದಾರಿಯಲ್ಲಿ ಸತ್ತವರು ಯಾವ ತೆನೆಯನ್ನೂ ಹಂಚಿಕೊಳ್ಳಲಿಲ್ಲ. ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿಲ್ಲ. ಗಿಲ್ಗಾಲಿನ ಕಲ್ಲುಗಳೂ ಅರಣ್ಯದಲ್ಲಿ ಸತ್ತವರ ವಿಷಯದಲ್ಲಿ ಮೌನವಾಗಿಯೇ ಇವೆ. ಕೃಪಾಸ್ಮರಣೆಯು ನಷ್ಟವನ್ನು ಅಳಿಸಿದರೆ ಅದು ಸುಳ್ಳಾಗುತ್ತದೆ. ನಷ್ಟವನ್ನೇ ಎಣಿಸುತ್ತ ಕುಳಿತರೆ ಅದು ಹಗೆಯಾಗುತ್ತದೆ. ಶ್ರೀರಂಗಪಟ್ಟಣದ ಸೆರೆವಾಸವನ್ನು ಮತವೈರಕ್ಕೆ ಆಯುಧವಾಗಿ ಬಳಸುವವರೂ, ಅದು ನಡೆಯಲೇ ಇಲ್ಲವೆಂಬಂತೆ ಮಾತನಾಡುವವರೂ ಇದ್ದಾರೆ. 1791ರಲ್ಲಿ ಮರಾಠರ ದಂಡು ಸೂರೆಮಾಡಿದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿದ ಸುಲ್ತಾನನೂ ಇವನೇ. ಎರಡು ಸಂಗತಿಗಳೂ ಸತ್ಯವಾದುವು. ಒಂದರಿಂದ ಮತ್ತೊಂದನ್ನು ಮುಚ್ಚುವುದು ಯುಕ್ತವಲ್ಲ.

20ನೆಯ ಶತಮಾನದಲ್ಲಿ ಈ ಸಮುದಾಯದ ಬಹುಜನರು ಉದ್ಯೋಗಾರ್ಥವಾಗಿ ಮುಂಬಯಿ, ಬೆಂಗಳೂರು, ಅರಬ್ ದೇಶಗಳಿಗೆ ಹೋದರು. ಬೆಂಗಳೂರಿನ ದಕ್ಷಿಣಕ್ಕೆ ಬೆಳೆದಿರುವ ಬನಶಂಕರಿ, ಕುಮಾರಸ್ವಾಮಿ ಲೇಔಟ್ ಮುಂತಾದ ಬಡಾವಣೆಗಳಲ್ಲಿ ಇಂದು ಭತ್ತದ ಗದ್ದೆಯಿಲ್ಲ. ಇಂತಹ ನಗರಗಳಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳವರಿಗೆ ತೆನೆಯು ಬೇರೆಡೆಯಿಂದ ಬರಬೇಕು. ದೂರದಲ್ಲಿರುವ ಮಕ್ಕಳಿಗೆ ಆಶೀರ್ವದಿಸಿದ ಕಾಳನ್ನು ಅಂಚೆಯಲ್ಲಿ ಕಳುಹಿಸುವ ವಾಡಿಕೆಯೂ ಬೆಳೆದಿದೆ. ಬೆಳೆಯ ಹಬ್ಬವಾಗಿ ನೋಡಿದರೆ ಇದಕ್ಕೆ ಅಲ್ಲಿ ಆಧಾರವಿಲ್ಲ. ಜ್ಞಾಪಕದ ಹಬ್ಬವಾಗಿ ನೋಡಿದರೆ ಒಂದು ಕಾಳೇ ಸಾಕಾಗುತ್ತದೆ. ಮಗುವು ಇದೇನೆಂದು ಕೇಳಬೇಕು, ಹಿರಿಯರು ಹೇಳಬೇಕು. ಹೇಳುವಾಗ ಭಯದಿಂದ ಬಾಗಿದವರನ್ನೂ, ಮರಳದೆ ಹೋದವರನ್ನೂ ಬಿಡದೆ ಹೇಳಿದರೆ ಮಾತ್ರ ಆ ಸ್ಮರಣೆಯು ಪೂರ್ಣವಾಗುವುದು.